ಬೋಟಿನ ಹುಡುಗನಿಗೆ ಎರಡು ಹೆಸರು

ಹೋದ ಹಂಗಾಮಿನಲ್ಲಿ ಒಂದು ಬೆಳಿಗ್ಗೆ ಕಾರವಾರದ ಬೈತಖೋಲ ಬಂದರಿನ ಬೋಟ್ ಮಾಲೀಕರೊಬ್ಬರು ನನ್ನ ಆಫೀಸಿಗೆ ಓಡಿಬಂದರು. ಕೂರಲೂ ಇಲ್ಲ. “ವಕೀಲ್ರೇ, ನಮ್ಮ ಹುಡುಗನ್ನ ನಿನ್ನೆ ರಾತ್ರಿ ಠಾಣೆಗೆ ಕರ್ಕೊಂಡು ಹೋಗಿದ್ದಾರೆ. ಬಾಂಗ್ಲಾದವನು ಅಂತಾರೆ” ಎಂದರು. ಹುಡುಗನ ಊರು ಪಶ್ಚಿಮ ಬಂಗಾಳದಲ್ಲಿ. ಮೂರು ವರ್ಷದಿಂದ ಅವರ ಬೋಟಿನಲ್ಲಿ ಬಲೆ ಎಳೆಯುತ್ತಿದ್ದ. ಅವನು ಜೆಟ್ಟಿಯಲ್ಲಿ ನಿಂತು ಫೋನಿನಲ್ಲಿ ತಾಯಿಯ ಹತ್ತಿರ ಬಂಗಾಳಿ ಮಾತಾಡಿದ್ದನ್ನು ಕೇಳಿ ಯಾರೋ ಪೊಲೀಸರಿಗೆ ಹೇಳಿದ್ದರು. ಪೊಲೀಸರು ಕಾಗದ ಕೇಳಿದರು. ಆಧಾರಿನಲ್ಲಿ ಅವನ ಹೆಸರಿನ ಮುಂದೆ ‘ಶೇಖ್’ ಅಂತಿದೆ. ವೋಟರ್ ಕಾರ್ಡಿನಲ್ಲಿ ಅದು ಬರೀ ‘ಎಸ್‌ಕೆ’. ಅಪ್ಪನ ಹೆಸರಿನಲ್ಲೂ ಒಂದಕ್ಷರ ಹೆಚ್ಚುಕಮ್ಮಿ. ಅಷ್ಟು ಸಾಕಾಯಿತು.

ಅವನನ್ನು ಬಿಡಿಸಲು ಮೂರು ದಿನ ಬೇಕಾಯಿತು. ಊರಿನ ಶಾಲೆಯ ದಾಖಲೆ, ಅಪ್ಪನ ಹೆಸರಿದ್ದ ಹಳೇ ಮತದಾರರ ಪಟ್ಟಿ, ಪಂಚಾಯಿತಿಯ ಪತ್ರ ಎಲ್ಲ ಬಂದವು. ಅವನು ಭಾರತದವನೇ.

ಅಕ್ರಮ ವಲಸೆಯ ಬಗ್ಗೆ ಈಗ ಎಲ್ಲ ಕಡೆ ಮಾತು ನಡೆಯುತ್ತಿದೆ. ನನ್ನ ಕಕ್ಷಿದಾರರೂ ಕೇಳುತ್ತಾರೆ: “ಹಾಗಾದ್ರೆ ಯಾರನ್ನೂ ಹಿಡೀಲೇಬಾರದಾ?” ಹಿಡಿಯಬೇಕು. ಕಾರವಾರದವರಿಗೆ ಇದು ದೂರದ ವಿಷಯ ಅಲ್ಲವೇ ಅಲ್ಲ. ನಮ್ಮ ಕಡಲೂ ದೇಶದ ಗಡಿಯೇ. 2008ರ ನವೆಂಬರಿನಲ್ಲಿ ಮುಂಬೈಗೆ ಬಂದ ಹತ್ತು ಭಯೋತ್ಪಾದಕರು ಹೊರಟಿದ್ದು ಕರಾಚಿಯಿಂದ. ದಾರಿಯಲ್ಲಿ ಪೋರಬಂದರಿನ ‘ಕುಬೇರ್’ ಎಂಬ ಮೀನುಗಾರಿಕೆ ಬೋಟನ್ನು ಹಿಡಿದು, ಅದರಲ್ಲಿದ್ದವರನ್ನು ಕೊಂದರು. ಬಲೆ ಹಾಕಲು ಹೋದ ಬಡ ಮೀನುಗಾರರು ಮೊದಲು ಸತ್ತರು, ಅದು ನನಗೆ ಮರೆಯುವುದಿಲ್ಲ. ನಮ್ಮಲ್ಲಿ ಐಎನ್‌ಎಸ್ ಕದಂಬ ನೌಕಾನೆಲೆ ಇದೆ, ಒಳನಾಡಿನಲ್ಲಿ ಕೈಗಾ ಅಣುಸ್ಥಾವರ ಇದೆ. ದಡದಿಂದ 12 ನಾಟಿಕಲ್ ಮೈಲಿ, ಅಂದರೆ ಸುಮಾರು 22 ಕಿಲೋಮೀಟರ್‌ವರೆಗೆ ಕರಾವಳಿ ಕಾವಲು ಪೊಲೀಸರು ನೋಡಿಕೊಳ್ಳಬೇಕು. ಅದರಾಚೆ ಕೋಸ್ಟ್ ಗಾರ್ಡ್. ಈ ಕಾವಲು ಬಿಗಿಯಾಗಿರಲೇಬೇಕು.

ಆದರೆ ಭಾಷೆ ಕೇಳಿ, ಮುಖ ನೋಡಿ ಗಡಿ ಕಾಯಲು ಆಗುವುದಿಲ್ಲ. ಇಷ್ಟು ವರ್ಷ ಕೋರ್ಟಿನಲ್ಲಿ ಓಡಾಡಿ ನನಗೆ ಖಚಿತವಾಗಿರುವುದು ಇದು. ಇದೇ ನೌಕಾನೆಲೆಯ ಮಾಹಿತಿಯನ್ನು ಪಾಕಿಸ್ತಾನದವರಿಗೆ ಕೊಟ್ಟ ಆರೋಪದ ಮೇಲೆ 2025ರ ಫೆಬ್ರವರಿಯಲ್ಲಿ ರಾಷ್ಟ್ರೀಯ ತನಿಖಾ ಸಂಸ್ಥೆ (ಎನ್‌ಐಎ) ಹಿಡಿದವರಲ್ಲಿ ನಮ್ಮ ಜಿಲ್ಲೆಯವರೇ ಇದ್ದರು. ಅದು ಆರೋಪ, ತೀರ್ಪಲ್ಲ. ಆದರೂ ಒಂದು ಮಾತು ಹೇಳಬೇಕು. ಕನ್ನಡ, ಕೊಂಕಣಿ ಮಾತಾಡುವವರ ಮೇಲೆ ಜೆಟ್ಟಿಯಲ್ಲಿ ಯಾರಿಗೂ ಅನುಮಾನ ಬರುವುದಿಲ್ಲ, ಅಲ್ವಾ?

ಹಾಗಾದರೆ ಕಾನೂನು ಏನು ನೋಡುತ್ತದೆ? 2025ರ ಸೆಪ್ಟೆಂಬರ್ 1ರಿಂದ ವಲಸೆ ಮತ್ತು ವಿದೇಶಿಯರ ಹೊಸ ಕಾಯ್ದೆ ಜಾರಿಯಲ್ಲಿದೆ. 1946ರ ವಿದೇಶಿಯರ ಕಾಯ್ದೆ ಸೇರಿ ನಾಲ್ಕು ಹಳೇ ಕಾಯ್ದೆಗಳು ಹೋದವು. ಪಾಸ್‌ಪೋರ್ಟ್, ವೀಸಾ ಇಲ್ಲದೆ ನುಸುಳಿ ಬಂದರೆ ಐದು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ವೀಸಾ ಮುಗಿದ ಮೇಲೂ ಉಳಿದರೆ ಮೂರು ವರ್ಷದವರೆಗೆ ಜೈಲು, ಮೂರು ಲಕ್ಷದವರೆಗೆ ದಂಡ. ಸುಳ್ಳು ಪಾಸ್‌ಪೋರ್ಟಿಗೆ ಇನ್ನೂ ಜಾಸ್ತಿ, ಏಳು ವರ್ಷದವರೆಗೂ ಹೋಗಬಹುದು.

ಕಷ್ಟ ಇರುವುದು ಬೇರೆ ಕಡೆ. ಸಾಮಾನ್ಯವಾಗಿ ಕಳ್ಳತನದ ಕೇಸಿನಲ್ಲಿ ಕದ್ದದ್ದನ್ನು ಪೊಲೀಸರು ಸಾಬೀತು ಮಾಡಬೇಕು. ಇಲ್ಲಿ ಹಾಗಲ್ಲ. ‘ನಾನು ವಿದೇಶಿ ಅಲ್ಲ’ ಎಂದು ಆ ಮನುಷ್ಯನೇ ತೋರಿಸಬೇಕು. ಹಳೇ ಕಾಯ್ದೆಯಲ್ಲೂ ಹೀಗೇ ಇತ್ತು, ಹೊಸದರಲ್ಲೂ ಇದೆ. ಮನೆಯಲ್ಲೇ ಹುಟ್ಟಿದ, ಎಲ್ಲೂ ನೋಂದಣಿಯಾಗದ ಬಡವನಿಗೆ ಇದು ಎಷ್ಟು ಭಾರ ಅಂತ ಯೋಚಿಸಿ. ನಮ್ಮ ಅಜ್ಜಿಯಂದಿರಲ್ಲಿ ಎಷ್ಟು ಜನರಿಗೆ ಜನನ ಪ್ರಮಾಣಪತ್ರ ಇದೆ?

ಅದಕ್ಕೇ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಕೊಟ್ಟ ತೀರ್ಪನ್ನು ನಾನು ಎಲ್ಲರಿಗೂ ಹೇಳುತ್ತೇನೆ. ಅಸ್ಸಾಮಿನ ಒಬ್ಬರನ್ನು ಅಲ್ಲಿನ ನ್ಯಾಯಮಂಡಳಿ 2012ರಲ್ಲಿ ವಿದೇಶಿ ಎಂದು ಘೋಷಿಸಿತ್ತು. ಸುಮ್ನೆ ಅನುಮಾನ ಬಂತು ಎಂದು ಯಾರನ್ನೋ ಹಿಡಿದು ‘ನೀನೇ ತೋರಿಸು’ ಎನ್ನುವ ಹಾಗಿಲ್ಲ, ಮೊದಲು ಸರ್ಕಾರದ ಕೈಯಲ್ಲಿ ಏನಾದರೂ ಆಧಾರ ಇರಬೇಕು ಎಂದಿತು ಸುಪ್ರೀಂ ಕೋರ್ಟ್. ಹೆಸರಿನ ಸ್ಪೆಲ್ಲಿಂಗ್, ತಾರೀಖಿನ ಸಣ್ಣ ವ್ಯತ್ಯಾಸ ಹಿಡಿದುಕೊಂಡು ದಾಖಲೆ ತಳ್ಳಿಹಾಕಬಾರದು ಎಂದೂ ಹೇಳಿತು. ಆ ಮನುಷ್ಯ ಭಾರತೀಯನೇ ಎಂದು ತೀರ್ಮಾನವಾಯಿತು. ತೀರ್ಪು ಬರುವ ಹೊತ್ತಿಗೆ ಆತ ತೀರಿಕೊಂಡಾಗಿತ್ತು.

ಶಿರಸಿ ಕಡೆಯಿಂದ ಜಮೀನಿನ ಕೇಸು ಬಂದಾಗ ನಾನು ದಿನಾ ನೋಡುತ್ತೇನೆ. ಪಹಣಿಯಲ್ಲಿ ‘ಗಣಪತಿ ಸುಬ್ರಾಯ ಹೆಗಡೆ’, ಆಧಾರಿನಲ್ಲಿ ‘ಗಣಪತಿ ಹೆಗಡೆ’, ಬ್ಯಾಂಕಿನಲ್ಲಿ ‘ಜಿ.ಎಸ್. ಹೆಗಡೆ’. ಅವರಿಗೆ ಒಂದು ಅಫಿಡವಿಟ್ ಸಾಕಾಗುತ್ತದೆ. ಬೋಟಿನ ಹುಡುಗನಿಗೆ ಅದೇ ವ್ಯತ್ಯಾಸಕ್ಕೆ ಎರಡು ರಾತ್ರಿ ಠಾಣೆ. “ಬಂಧಿಸಿಲ್ಲ, ವಿಚಾರಣೆ ಅಷ್ಟೇ” ಅಂದರು. ಹೊರಗೆ ಹೋಗಲು ಬಿಡದಿದ್ದರೆ ಅದು ಬಂಧನವೇ. 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಜೀವ, ಸ್ವಾತಂತ್ರ್ಯ ಕಾಯುವ ಸಂವಿಧಾನದ 21ನೇ ವಿಧಿ ‘ನಾಗರಿಕ’ ಎನ್ನುವುದಿಲ್ಲ, ‘ವ್ಯಕ್ತಿ’ ಎನ್ನುತ್ತದೆ. ನಿಜವಾಗಿಯೂ ವಿದೇಶಿಯಾಗಿದ್ದರೂ ಅವನ ಜೀವಕ್ಕೆ ಆ ರಕ್ಷಣೆ ಇದೆ.

ಕಾಗದಗಳ ಬಗ್ಗೆ ತಪ್ಪು ತಿಳಿವಳಿಕೆ ಎರಡೂ ಕಡೆ ಇದೆ. ಮಾಲೀಕರು ‘ಆಧಾರ್ ಇದೆಯಲ್ಲ’ ಎನ್ನುತ್ತಾರೆ. ಆಧಾರ್ ಪೌರತ್ವದ ಪುರಾವೆ ಅಲ್ಲ, ಅದರ ಕಾಯ್ದೆಯಲ್ಲೇ ಹಾಗೆ ಬರೆದಿದೆ. 12 ತಿಂಗಳಲ್ಲಿ 182 ದಿನ ಇಲ್ಲಿದ್ದ ವಿದೇಶಿಗೂ ಅದು ಸಿಗಬಹುದು. ಆಧಾರ್, ಪಾನ್, ವೋಟರ್ ಕಾರ್ಡ್ ಇದ್ದ ಮಾತ್ರಕ್ಕೆ ಯಾರೂ ಭಾರತೀಯರಾಗುವುದಿಲ್ಲ ಎಂದು ಬಾಂಬೆ ಹೈಕೋರ್ಟ್ 2025ರ ಆಗಸ್ಟಿನಲ್ಲಿ ಹೇಳಿತು. ಕಾನೂನಿಗೆ ಮುಖ್ಯವಾದದ್ದು ಎಲ್ಲಿ, ಯಾವಾಗ, ಯಾರಿಗೆ ಹುಟ್ಟಿದ ಎಂಬುದು. 1950ರ ಜನವರಿ 26ರಿಂದ 1987ರ ಜುಲೈ 1ರ ಮೊದಲು ಭಾರತದಲ್ಲಿ ಹುಟ್ಟಿದ್ದರೆ ಹುಟ್ಟೇ ಸಾಕು. ಆಮೇಲೆ 2004ರ ಡಿಸೆಂಬರ್ 3ರ ಮೊದಲು ಹುಟ್ಟಿದವರಿಗೆ ತಂದೆ ಅಥವಾ ತಾಯಿ ಒಬ್ಬರು ಭಾರತೀಯರಾಗಿರಬೇಕು. ಅದರ ನಂತರ ಹುಟ್ಟಿದವರಿಗೆ ಇಬ್ಬರೂ ಭಾರತೀಯರಿರಬೇಕು, ಇಲ್ಲವೇ ಒಬ್ಬರು ಭಾರತೀಯರಾಗಿ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು.

ಈ ಲೆಕ್ಕ ನಮ್ಮ ಜಿಲ್ಲೆಗೇ ಹೇಗೆ ಅನ್ವಯಿಸುತ್ತದೆ ನೋಡಿ. ಮುಂಡಗೋಡದಲ್ಲಿ 1966ರಿಂದ ಟಿಬೆಟನ್ನರ ಕಾಲೊನಿ ಇದೆ. ಅಲ್ಲಿ 1987ಕ್ಕೆ ಮೊದಲು ಹುಟ್ಟಿದ ಮಕ್ಕಳು ಹುಟ್ಟಿನಿಂದಲೇ ಭಾರತೀಯರು. ಕರ್ನಾಟಕ ಹೈಕೋರ್ಟ್ ಕೂಡ 2013ರಲ್ಲಿ ಅದನ್ನು ಒಪ್ಪಿದೆ. ಇನ್ನು ನಮ್ಮ ಉತ್ತರದ ಗಡಿ. ಮಾಜಾಳಿ ದಾಟಿದರೆ ಸಿಗುವ ಗೋವಾ 1961ರ ಡಿಸೆಂಬರಿನವರೆಗೂ ಪೋರ್ಚುಗೀಸರ ರಾಜ್ಯ. ಕಾರವಾರದ ಎದುರಿಗಿರುವ ಅಂಜದೀಪ ದ್ವೀಪವೂ ಅವರದೇ ಆಗಿತ್ತು. ಸದಾಶಿವಗಡದ ಎಷ್ಟೋ ಮನೆಗಳಿಗೆ ಗಡಿಯಾಚೆಯ ಕಾಣಕೋಣದಿಂದ ಸೊಸೆಯರು ಬಂದಿದ್ದಾರೆ. ಅಂದರೆ ಪರದೇಶದಲ್ಲಿ ಹುಟ್ಟಿದ ಅಜ್ಜಿಯರು. 1962ರ ಒಂದು ಆದೇಶದಿಂದ ಗೋವಾದವರು ಭಾರತದ ನಾಗರಿಕರಾದರು. ಒಂದು ಕಾಗದ ಹೊರಟಿತು, ವಿಷಯ ಮುಗಿಯಿತು. ಅವರ ಮಾತಿನ ಧಾಟಿಯನ್ನು ಯಾರೂ ಪರೀಕ್ಷೆ ಮಾಡಲಿಲ್ಲ.

ವಿದೇಶಿ ಎಂದು ಖಚಿತವಾದವರನ್ನು ಏನು ಮಾಡುತ್ತಾರೆ? ಶಿಕ್ಷೆ ಮುಗಿದ ಮೇಲೆ ವಾಪಸು ಕಳಿಸಬೇಕು. ಕಳಿಸುವವರೆಗೆ ಇಡಲು ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ ಕೇಂದ್ರ ಇದೆ. ಆದರೆ ‘ಹೌದು, ಇವನು ನಮ್ಮವನು’ ಎಂದು ಆ ದೇಶ ಒಪ್ಪಬೇಕು. ಅದಕ್ಕೆ ಸಮಯ ಹಿಡಿಯುತ್ತದೆ, ಜನ ಸಿಟ್ಟಾಗುತ್ತಾರೆ. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೆ ಅವಸರ ಮಾಡಿದರೆ ಏನಾಗುತ್ತದೆ ಎಂದೂ ನೋಡಿದ್ದೇವೆ. ದೆಹಲಿಯಲ್ಲಿ ಹಿಡಿದು ಬಾಂಗ್ಲಾದೇಶಕ್ಕೆ ದಾಟಿಸಿದ್ದ ಬೀರ್‌ಭೂಮ್ ಜಿಲ್ಲೆಯ ಎರಡು ಕುಟುಂಬಗಳನ್ನು ವಾಪಸು ಕರೆತನ್ನಿ ಎಂದು ಕಲ್ಕತ್ತಾ ಹೈಕೋರ್ಟ್ 2025ರ ಸೆಪ್ಟೆಂಬರಿನಲ್ಲಿ ಆದೇಶ ಮಾಡಬೇಕಾಯಿತು.

ನೇಪಾಳದವರ ವಿಷಯವನ್ನೂ ಹಲವರು ಕೇಳುತ್ತಾರೆ. ನೇಪಾಳದಿಂದ ನೇರವಾಗಿ ಬರುವ ಅಲ್ಲಿನ ಪ್ರಜೆಗೆ ವೀಸಾ ಬೇಕಿಲ್ಲ. ಹೋಟೆಲಿನ ಕಾವಲುಗಾರನನ್ನು ಅದಕ್ಕಾಗಿ ಕಾಡಬೇಡಿ.

ಗೋಕರ್ಣದ ಹೋಮ್‌ಸ್ಟೇ ಮಾಲೀಕರಿಗೆ ಮಾತ್ರ ನಾನು ಗಟ್ಟಿಯಾಗಿ ಹೇಳುತ್ತೇನೆ. ವಿದೇಶಿ ಅತಿಥಿ ಬಂದ 24 ಗಂಟೆಯೊಳಗೆ ಆನ್‌ಲೈನ್‌ನಲ್ಲಿ ಅವರ ವಿವರದ ಫಾರಂ ತುಂಬಲೇಬೇಕು. ಪರಿಚಯದವರು, ಪ್ರತಿ ವರ್ಷ ಬರುವವರು ಅಂತ ಬಿಡಬೇಡಿ. ವೀಸಾದ ಕೊನೆ ತಾರೀಖು ನೋಡಿ, ಪಾಸ್‌ಪೋರ್ಟಿನ ಪ್ರತಿ ಇಟ್ಟುಕೊಳ್ಳಿ. ವೀಸಾ ಮುಗಿದವರು ಎಲ್ಲಿದ್ದಾರೆ ಎಂದು ಸರ್ಕಾರಕ್ಕೆ ಗೊತ್ತಾಗುವುದು ನಿಮ್ಮ ಆ ಒಂದು ಫಾರಂನಿಂದ. ಗಡಿ ಭದ್ರತೆಯಲ್ಲಿ ನಿಮ್ಮ ಪಾಲಿನ ಕೆಲಸ ಅದು.

ಬೋಟಿನವರಿಗೂ ಅಷ್ಟೇ. ಯಾಂತ್ರೀಕೃತ ಬೋಟುಗಳಿಗೆ ಜೂನ್, ಜುಲೈ ಎರಡು ತಿಂಗಳು ನಿಷೇಧ. ಆಗಸ್ಟಿಗೆ ಬೋಟು ಇಳಿಸುವ ಹೊತ್ತಿಗೆ ಒಡಿಶಾ, ಜಾರ್ಖಂಡ್, ಬಂಗಾಳದಿಂದ ರೈಲಿನಲ್ಲಿ ಹುಡುಗರು ಬರುತ್ತಾರೆ. ಅವರು ಬಂದ ದಿನವೇ ಒಬ್ಬೊಬ್ಬರಿಗೂ ಒಂದು ಫೈಲು ಮಾಡಿ. ಗುರುತಿನ ಚೀಟಿ, ಶಾಲೆ ಬಿಟ್ಟ ಪ್ರಮಾಣಪತ್ರ, ತಂದೆತಾಯಿಯ ಒಂದು ದಾಖಲೆ, ಊರಿನ ಪಂಚಾಯಿತಿಯ ಫೋನ್ ನಂಬರ್ ಅದರಲ್ಲಿರಲಿ. ಹೆಸರಿನಲ್ಲಿ ವ್ಯತ್ಯಾಸ ಇದ್ದರೆ ಆಗಲೇ ಅಫಿಡವಿಟ್ ಮಾಡಿಸಿ. ಕಡಲಿಗೆ ಇಳಿಯುವಾಗ ಬೋಟಿನಲ್ಲಿ ಯಾರ್ಯಾರಿದ್ದಾರೆ ಎಂಬ ಪಟ್ಟಿ ಸರಿಯಾಗಿರಲಿ, ಒಬ್ಬ ಬದಲಾದರೂ ತಿದ್ದಿ. ಕಾಗದ ಕೊಡಲು ಒಪ್ಪದವನನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಡಿ. ಅನುಮಾನ ಬಂದರೆ ಪೊಲೀಸರಿಗೆ ಹೇಳಿ, ಜೆಟ್ಟಿಯಲ್ಲಿ ಗುಂಪು ಕಟ್ಟಿ ವಿಚಾರಿಸಬೇಡಿ.

ಆ ಹುಡುಗ ಠಾಣೆಯಿಂದ ಹೊರಬಂದ ಮರುದಿನವೇ ಊರಿಗೆ ರೈಲು ಹತ್ತಿದ. ಮಾಲೀಕರು ಮೊನ್ನೆ ಸಿಕ್ಕಿದ್ದರು. ಈ ಸಲವೂ ಬರುತ್ತೀಯಾ ಅಂತ ಅವನಿಗೆ ಫೋನ್ ಮಾಡಿದ್ದರಂತೆ. ತಾಯಿ ಫೋನ್ ಎತ್ತಿದರು, ಬೇಡ ಅಂದರು.