ಒಂದು ಬೈಟ್ ಕೂಡ ತಪ್ಪದಂತೆ

ಮುಖ ನೋಡದ ಜನ ಕಂಪ್ಯೂಟರಿನ ಮೂಲಕ ಒಂದೆಡೆ ಸೇರಿ ಚರ್ಚಿಸುವುದೂ ತಂತ್ರಾಂಶ ಹಂಚಿಕೊಳ್ಳುವುದೂ ಇಂಟರ್ನೆಟ್ಟಿನಿಂದಲೇ ಶುರುವಾಯಿತು ಎಂಬ ನಂಬಿಕೆ ಬಹಳ ಗಟ್ಟಿಯಾಗಿ ಬೇರೂರಿದೆ. ಆದರೆ ಮನೆಯಲ್ಲಿ ಕಂಪ್ಯೂಟರ್ ಇಟ್ಟುಕೊಂಡಿದ್ದ ಅಮೆರಿಕದ ಹವ್ಯಾಸಿಗಳು ಅಂಥ ಗುಂಪುಗಳನ್ನು ಕಟ್ಟಿಕೊಂಡದ್ದು ಸಾಮಾನ್ಯ ಫೋನ್ ತಂತಿಯ ಮೇಲೆ. 1978ರ ಜನವರಿಯಲ್ಲಿ ಷಿಕಾಗೊ ನಗರ ಹಿಮದಡಿ ಸಿಲುಕಿದ್ದಾಗ, ವಾರ್ಡ್ ಕ್ರಿಸ್ಟೆನ್ಸನ್ ಮತ್ತು ರ‍್ಯಾಂಡಿ ಸೂಸ್ ಎಂಬ ಇಬ್ಬರು, ಹವ್ಯಾಸಿ ಸಂಘಗಳಲ್ಲಿ ಗೋಡೆಗೆ ತೂಗುಹಾಕುವ ಸೂಚನಾ ಫಲಕವನ್ನೇ ಕಂಪ್ಯೂಟರಿನೊಳಗೆ ಇಳಿಸಲು ಹೊರಟರು. ಸೂಸ್ ಯಂತ್ರವನ್ನು ಜೋಡಿಸಿದರು, ಕ್ರಿಸ್ಟೆನ್ಸನ್ ತಂತ್ರಾಂಶ ಬರೆದರು. ಫೆಬ್ರವರಿ 16ರಂದು 'ಸಿಬಿಬಿಎಸ್', ಅಂದರೆ ಕಂಪ್ಯೂಟರೀಕೃತ ಸೂಚನಾ ಫಲಕ ವ್ಯವಸ್ಥೆ, ಎಲ್ಲರಿಗೂ ತೆರೆಯಿತು. ಅದಕ್ಕಿದ್ದದ್ದು ಒಂದೇ ಫೋನ್ ಸಂಪರ್ಕವಾದ್ದರಿಂದ ಒಬ್ಬರು ಓದಿ, ಬರೆದು, ಫೋನ್ ಇಟ್ಟ ಮೇಲೆಯೇ ಇನ್ನೊಬ್ಬರ ಸರದಿ. ಹೀಗೆ ಕಾದು ಕಾದು ಬಂದ ಕರೆಗಳೇ ಕೊನೆಗೆ ಎರಡೂವರೆ ಲಕ್ಷವನ್ನು ದಾಟಿದವು.

ಈ ಕಥೆಯನ್ನು ಹೇಳುವವರು ಸಾಮಾನ್ಯವಾಗಿ ಫಲಕವನ್ನಷ್ಟೇ ಹೊಗಳುತ್ತಾರೆ. ನನ್ನ ಮಟ್ಟಿಗೆ ನಿಜವಾದ ಚಮತ್ಕಾರ ನಡೆದದ್ದು ಅದರ ಹಿಂದಿನ ವರ್ಷ. ಮಾತಿಗೂ ತಂತ್ರಾಂಶಕ್ಕೂ ಒಂದು ಮೂಲಭೂತ ವ್ಯತ್ಯಾಸವಿದೆ. 'ನಾಳೆ ಸಂಜೆ ಸಭೆ' ಎಂಬುದು ತಂತಿಯ ಗದ್ದಲದಲ್ಲಿ 'ನಾಳೆ ಸಂಚೆ ಸಭೆ' ಎಂದು ತಲುಪಿದರೂ ಓದುವವನು ತಿದ್ದಿಕೊಂಡು ಸಭೆಗೆ ಬರುತ್ತಾನೆ. ಯಂತ್ರಕ್ಕೆ ಆ ಔದಾರ್ಯವಿಲ್ಲ. ಆಗಿನ ಮನೆಯ ಕಂಪ್ಯೂಟರುಗಳಲ್ಲಿ ಬಳಕೆಯಲ್ಲಿದ್ದ 8080 ಎಂಬ ಪ್ರೊಸೆಸರಿಗೆ 195 ಎಂಬ ಸಂಖ್ಯೆಯ ಅರ್ಥ 'ಇಂಥ ಜಾಗಕ್ಕೆ ಜಿಗಿ' ಎಂದು. 194ರ ಅರ್ಥ 'ಹಿಂದಿನ ಲೆಕ್ಕದ ಉತ್ತರ ಸೊನ್ನೆಯಲ್ಲದಿದ್ದರೆ ಮಾತ್ರ ಜಿಗಿ' ಎಂದು. ಎರಡಕ್ಕೂ ಇರುವ ಅಂತರ ಒಂದೇ ಒಂದು ಬಿಟ್, ಅಂದರೆ 0 ಅಥವಾ 1 ಆಗಿರುವ ಒಂದೇ ಅಂಕೆ. ತಂತಿಯಲ್ಲಿ ಒಮ್ಮೆ ಚಟ್ಟೆಂದು ಸದ್ದಾಗಿ ಆ ಬಿಟ್ ಕೆಟ್ಟರೆ ಇಡೀ ಪ್ರೋಗ್ರಾಮ್ ದಾರಿ ತಪ್ಪುತ್ತದೆ. ಮಾಡೆಮ್ ಎಂಬುದು ಬಿಟ್ಟುಗಳನ್ನು ಎರಡು ಸ್ವರಗಳನ್ನಾಗಿ ಮಾಡಿ ಹಾಡುವ ಯಂತ್ರ: ಕರೆ ಮಾಡಿದ ಕಡೆಯಿಂದ 1 ಎಂದರೆ 1270 ಹರ್ಟ್ಜ್, 0 ಎಂದರೆ 1070. ಮನುಷ್ಯರ ಮಾತಿಗೆಂದು ಎಳೆದ ತಂತಿಯ ಮೇಲೆ ಅದು ಸೆಕೆಂಡಿಗೆ ಸುಮಾರು 30 ಅಕ್ಷರಗಳನ್ನು ಹಾಡುತ್ತಿತ್ತು, ಮತ್ತು ಆಗಾಗ ಅಪಸ್ವರ ಬರುತ್ತಿತ್ತು.

ಅಂಥ ಮಾಡೆಮನ್ನು ತಂತಿಗೆ ನೇರವಾಗಿ ಜೋಡಿಸುವ ಹಕ್ಕು ಕೂಡ ಹೋರಾಟದಿಂದಲೇ ಬಂದದ್ದು. ಅಮೆರಿಕದ ದೈತ್ಯ ಫೋನ್ ಕಂಪನಿ ಎಟಿ ಆ್ಯಂಡ್ ಟಿ, ಪರರ ಯಾವ ಸಾಧನವೂ ತನ್ನ ಜಾಲಕ್ಕೆ ತಾಗಕೂಡದೆಂದು ಪಟ್ಟುಹಿಡಿದಿತ್ತು. ರೇಡಿಯೊವನ್ನೂ ಫೋನನ್ನೂ ಬೆಸೆಯುವ ಪೆಟ್ಟಿಗೆಯೊಂದನ್ನು ಮಾಡಿದ್ದ ಟೆಕ್ಸಾಸಿನ ಥಾಮಸ್ ಕಾರ್ಟರ್ ಅದರ ವಿರುದ್ಧ ನಿಂತು 1968ರಲ್ಲಿ ಗೆದ್ದರು. ಆ ತೀರ್ಪು ಇಲ್ಲದಿದ್ದರೆ ಹವ್ಯಾಸಿಗಳು ಫೋನಿನ ರಿಸೀವರನ್ನು ರಬ್ಬರಿನ ಬಟ್ಟಲುಗಳಲ್ಲಿ ಕೂರಿಸಿ ಕೇಳಿಸುವ ಉಪಾಯಕ್ಕೇ ಅಂಟಿಕೊಳ್ಳಬೇಕಾಗುತ್ತಿತ್ತು.

ಇನ್ನು ಆ ಚಮತ್ಕಾರಕ್ಕೆ ಬರುತ್ತೇನೆ. 1977ರಲ್ಲಿ ಕ್ರಿಸ್ಟೆನ್ಸನ್ ಬರೆದ, ಮುಂದೆ ಎಕ್ಸ್‌ಮಾಡೆಮ್ ಎಂದು ಹೆಸರಾದ ಕ್ರಮ, ಹೆಂಚಿನ ಮನೆಯ ಮಾಡು ಹೊದಿಸುವವರ ಕೆಲಸವನ್ನು ಹೋಲುತ್ತದೆ. ಕೆಳಗಿನವನು ಒಂದು ಹೆಂಚು ಎಸೆಯುತ್ತಾನೆ. ಮೇಲಿನವನು ಹಿಡಿದು 'ಹೂಂ' ಎಂದ ಮೇಲೆಯೇ ಇನ್ನೊಂದನ್ನು ಎಸೆಯುತ್ತಾನೆ. ಇಲ್ಲಿ ಒಂದು ಹೆಂಚು ಎಂದರೆ 128 ಬೈಟುಗಳ, ಅಂದರೆ ಎಂಟೆಂಟು ಬಿಟ್ಟುಗಳ 128 ಸಂಖ್ಯೆಗಳ, ಒಂದು ಕಂತು. ಆಗಿನ ಎಂಟು ಇಂಚಿನ ಫ್ಲಾಪಿಯ ಒಂದು ಖಾನೆಯಲ್ಲಿ ಹಿಡಿಸುತ್ತಿದ್ದದ್ದೂ ಅಷ್ಟೇ. ಕೆಲಸ ಶುರುಮಾಡಿಸುವವನು ಮೇಲೆ ನಿಂತವನೇ ಎಂಬುದು ನನಗೆ ಬಹಳ ಹಿಡಿಸಿದ ಅಂಶ. ಪಡೆಯುವ ಯಂತ್ರ 'ಸಿಕ್ಕಿಲ್ಲ' ಎಂಬ ಸಂಕೇತವನ್ನು ಹತ್ತು ಸೆಕೆಂಡಿಗೊಮ್ಮೆ ಕೂಗುತ್ತಿರುತ್ತದೆ, ಕಳಿಸುವ ಯಂತ್ರ ಅದನ್ನು ಕೇಳಿಸಿಕೊಂಡು ಮೊದಲ ಕಂತನ್ನು ಎಸೆಯುತ್ತದೆ.

ಪ್ರತಿ ಕಂತಿನ ನೆತ್ತಿಯ ಮೇಲೆ ಅದರ ಕ್ರಮಸಂಖ್ಯೆ ಇರುತ್ತದೆ, ಅದೂ ಎರಡು ಬಾರಿ: ಒಮ್ಮೆ ಇದ್ದಂತೆ, ಇನ್ನೊಮ್ಮೆ 255ರಿಂದ ಕಳೆದು. ಚೆಕ್ಕಿನಲ್ಲಿ ಮೊತ್ತವನ್ನು ಅಂಕೆಯಲ್ಲೂ ಅಕ್ಷರದಲ್ಲೂ ಬರೆಯುವ ಪದ್ಧತಿಯ ಹಿಂದಿರುವ ವಿವೇಕವೇ ಇದು. ಒಂದು ಕೆಟ್ಟರೆ ಇನ್ನೊಂದು ಅದನ್ನು ಹಿಡಿದುಕೊಡುತ್ತದೆ. ಕಂತಿನ ಬಾಲದಲ್ಲಿ 128 ಬೈಟುಗಳನ್ನೂ ಕೂಡಿ 256ರಿಂದ ಭಾಗಿಸಿದರೆ ಉಳಿಯುವ ಶೇಷ ಇರುತ್ತದೆ. ಮಂಡಿಯ ಗುಮಾಸ್ತನು ಮೂಟೆಗಳ ತೂಕವನ್ನು ಕೂಡಿ, ಮೊತ್ತದ ಕೊನೆಯ ಎರಡು ಅಂಕಿಗಳನ್ನು ಮಾತ್ರ ಚೀಟಿಯಲ್ಲಿ ಬರೆದು ಲಾರಿಯ ಜೊತೆ ಕಳಿಸಿದಂತೆ. ಅತ್ತ ಕಡೆಯವನು ತಾನೂ ಕೂಡಿ ತಾಳೆ ನೋಡುತ್ತಾನೆ; ತಾಳೆಯಾಗದಿದ್ದರೆ ಅದೇ ಕಂತು ಮತ್ತೆ ಬರಬೇಕು. 'ಹೂಂ' ಎಂಬುದೇ ದಾರಿಯಲ್ಲಿ ಕಳೆದುಹೋಗಿ ಅದೇ ಕಂತು ಎರಡನೆಯ ಬಾರಿ ಬಂದರೆ? ಕ್ರಮಸಂಖ್ಯೆ ನೋಡಿ ಅದನ್ನು ಬಿಸಾಡಿ, ಮತ್ತೊಮ್ಮೆ 'ಹೂಂ' ಎಂದರೆ ಸಾಕು.

ಇದರಲ್ಲಿ ಲೋಪ ಇರಲಿಲ್ಲವೆಂದಲ್ಲ. ಒಂದು ಬೈಟಿನಲ್ಲಿ 4 ಹೆಚ್ಚಾಗಿ ಇನ್ನೊಂದರಲ್ಲಿ 4 ಕಡಿಮೆಯಾದರೆ, ಅಥವಾ ಎರಡು ಬೈಟುಗಳು ಅದಲುಬದಲಾದರೆ, ಮೊತ್ತ ಅಷ್ಟೇ ಇದ್ದು ತಪ್ಪು ನುಸುಳಿಬಿಡುತ್ತದೆ. ಮುಂದೆ ಬಂದ ಸುಧಾರಿತ ಆವೃತ್ತಿ ಕೂಡುವುದನ್ನು ಬಿಟ್ಟು ಒಂದು ಬಗೆಯ ಭಾಗಾಕಾರದ 16 ಬಿಟ್ಟುಗಳ ಶೇಷವನ್ನು ಬಳಸಿದ್ದರಿಂದ ಬೈಟುಗಳ ಸ್ಥಾನಕ್ಕೂ ಬೆಲೆ ಬಂತು. ಪಡೆಯುವ ಯಂತ್ರಕ್ಕೆ ಈ ಹೊಸ ಬಗೆ ಬೇಕಿದ್ದರೆ 'ಸಿಕ್ಕಿಲ್ಲ' ಎನ್ನುವ ಬದಲು ಇಂಗ್ಲಿಷಿನ 'ಸಿ' ಅಕ್ಷರವನ್ನು ಕಳಿಸಬೇಕು, ಅಷ್ಟೇ. ವೇಗದ ಮಾತು ಬೇರೆ: ತಲೆಬಾಲ ಸೇರಿ 132 ಬೈಟುಗಳ ಒಂದು ಕಂತಿಗೆ 4.4 ಸೆಕೆಂಡು ಬೇಕಾಗುತ್ತಿದ್ದುದರಿಂದ 16 ಕಿಲೊಬೈಟಿನ ಪ್ರೋಗ್ರಾಮಿಗೆ ಒಂಬತ್ತು ನಿಮಿಷಕ್ಕೂ ಹೆಚ್ಚು ಹಿಡಿಯುತ್ತಿತ್ತು.

ಕ್ರಿಸ್ಟೆನ್ಸನ್ ಇದನ್ನು ಬೆಲೆ ಕಟ್ಟದೆ ಬಳಕೆದಾರರ ಸಂಘಕ್ಕೆ ಒಪ್ಪಿಸಿದರು. ಬಿಲ್ ಗೇಟ್ಸ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದು, ನೀವು ತಂತ್ರಾಂಶ ಕದಿಯುತ್ತಿದ್ದೀರಿ ಎಂದು ಗದರಿದ್ದು ಅದರ ಹಿಂದಿನ ವರ್ಷ, 1976ರಲ್ಲಿ. ಇವೆರಡರ ನಡುವಿನ ದಾರಿ ಹುಡುಕಿದವರು ಆ್ಯಂಡ್ರೂ ಫ್ಲೂಗೆಲ್‌ಮನ್. 1982ರಲ್ಲಿ ಅವರು ತಮ್ಮ ಪಿಸಿ-ಟಾಕ್ ಪ್ರೋಗ್ರಾಮನ್ನು ಯಾರು ಬೇಕಾದರೂ ನಕಲು ಮಾಡಿ ಹಂಚಬಹುದೆಂದೂ, ಮೆಚ್ಚಿದವರು 25 ಡಾಲರ್ ಕಳಿಸಬಹುದೆಂದೂ ಬಿಟ್ಟರು. ಆ ಪ್ರೋಗ್ರಾಮಿನ ಕೆಲಸವೇ ಮಾಡೆಮಿನ ಮೂಲಕ ಇಂಥ ಫಲಕಗಳಿಗೆ ಕರೆ ಮಾಡಿಸುವುದು.

ದೂರದ ಕರೆ ಮಾತ್ರ ದುಬಾರಿಯಾಗಿಯೇ ಉಳಿಯಿತು, ಹಾಗಾಗಿ ಗುಂಪುಗಳು ಊರಿನ ಗಡಿಯೊಳಗೇ ನಿಂತವು. 1984ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದ ಟಾಮ್ ಜೆನ್ನಿಂಗ್ಸ್ ಫಿಡೊನೆಟ್ ಕಟ್ಟಿ, ಕರೆಯ ದರ ಇಳಿಯುವ ರಾತ್ರಿ ಹೊತ್ತಿನಲ್ಲಿ ಫಲಕಗಳೇ ಪರಸ್ಪರ ಕರೆ ಮಾಡಿ ಪತ್ರ ಮತ್ತು ಕಡತಗಳನ್ನು ಬದಲಾಯಿಸಿಕೊಳ್ಳುವಂತೆ ಮಾಡಿದರು.

ಫಲಕಗಳ ಕಾಲ ಮುಗಿದಿದೆ, ಆದರೆ ಎಕ್ಸ್‌ಮಾಡೆಮ್ ಮುಗಿದಿಲ್ಲ. ಒಳಗಿನ ತಂತ್ರಾಂಶ ಕೆಟ್ಟು ಮಲಗಿದ ರೌಟರಿಗೆ ಎಂಜಿನಿಯರುಗಳು ಇಂದಿಗೂ ಸೀರಿಯಲ್ ತಂತಿ ಸಿಕ್ಕಿಸಿ ಜೀವ ತುಂಬುವುದುಂಟು. ಆಗ ಅವರ ಪರದೆಯ ಮೇಲೆ ಕೆಲವು ಸೆಕೆಂಡಿಗೊಂದರಂತೆ 'ಸಿ', 'ಸಿ', 'ಸಿ' ಎಂಬ ಅಕ್ಷರಗಳು ಮೂಡುತ್ತವೆ. ಮಾಡಿನ ಮೇಲೆ ನಿಂತವನು ಮೊದಲ ಹೆಂಚಿಗಾಗಿ ಕೂಗುತ್ತಿರುತ್ತಾನೆ.