ಸಂಜೆ ಏಳಕ್ಕೆ ನಡೆಯುವ ದೆವ್ವ

ಗೋವಾದ ಯಾವುದಾದರೂ ಹಳೆಯ ನಾಟಕಗೃಹದಲ್ಲಿ ಕನ್ನಡ ಸಂಘದವರ ತಾಲೀಮಿಗೆ ಹೋಗಿ ಕೂತರೆ ಈ ಕತೆ ಕಿವಿಗೆ ಬೀಳದೆ ಇರದು: ಕತ್ತಲಾಗುತ್ತಿದ್ದಂತೆ ಮೇಲೆ ಯಾರೋ ನಡೆಯುತ್ತಾರೆ. ರಾತ್ರಿ ದೊಣ್ಣೆ ಹಿಡಿದು ಊರು ಕಾಯುವ ದೇವಚಾರ ಇಲ್ಲಿಯವರ ನಂಬಿಕೆಯಲ್ಲಿ ಮೊದಲೇ ಇದ್ದಾನೆ. ಹೆಜ್ಜೆ ಸದ್ದು ಯಾರದೆಂದು ಹೆಚ್ಚು ಯೋಚಿಸಬೇಕಿಲ್ಲ.

ಆದರೆ ಸದ್ದು ಬರುವ ಹೊತ್ತನ್ನು ಗಮನಿಸಿ. ಬಿಸಿಲಿಗೆ ತಗಡಿನ ಮಾಡು 60 ಡಿಗ್ರಿವರೆಗೂ ಕಾಯುತ್ತದೆ. ಸೂರ್ಯ ಮುಳುಗಿ ಅದು 30ಕ್ಕೆ ಇಳಿಯುವಷ್ಟರಲ್ಲಿ 6 ಮೀಟರ್ ಉದ್ದದ ಉಕ್ಕಿನ ತಗಡು ಸುಮಾರು 2 ಮಿಲಿಮೀಟರ್ ಕುಗ್ಗಬೇಕು. ಕೊಕ್ಕೆ ಬೋಲ್ಟುಗಳು ಬಿಗಿಹಿಡಿದಿರುವುದರಿಂದ ಒಂದೇ ಸಮನೆ ಕುಗ್ಗಲಾರದು. ಸೆಳೆತ ಹೆಚ್ಚುತ್ತಾ ಹೋಗಿ ಒಂದು ಬೋಲ್ಟಿನಡಿ ತಟಕ್ಕನೆ ಜಾರುತ್ತದೆ, ಆ ಸೆಳೆತ ಪಕ್ಕದ ಬೋಲ್ಟಿನ ಮೇಲೆ ಬೀಳುತ್ತದೆ, ಸ್ವಲ್ಪ ಹೊತ್ತಿಗೆ ಅದೂ ಜಾರುತ್ತದೆ. ಟಕ್... ಟಕ್... ಟಕ್. ಖಾಲಿ ಸಭಾಂಗಣ ಅದನ್ನು ಡಬ್ಬದಂತೆ ದೊಡ್ಡದು ಮಾಡುತ್ತದೆ. ಕೆಳಗಿದ್ದವರಿಗೆ ಅದು ಹೆಜ್ಜೆಯೇ.

ಇಲ್ಲಿ ಜನ ಮಾಡುವ ತಪ್ಪೆಂದರೆ ನಟ್ಟನ್ನು ಇನ್ನಷ್ಟು ಬಿಗಿಯುವುದು. ಬಿಗಿದಷ್ಟೂ ಸೆಳೆತ ಕೂಡಿ ಸದ್ದು ಜೋರಾಗುತ್ತದೆ, ವಾಷರ್ ಚಪ್ಪಟೆಯಾಗಿ ಮಳೆಗಾಲಕ್ಕೆ ನೀರೂ ಸೋರುತ್ತದೆ. ಬೋಲ್ಟಿಗಿಂತ ತೂತು ಒಂದೆರಡು ಮಿಲಿಮೀಟರ್ ದೊಡ್ಡದಿರಬೇಕು, ಒಣಗಿ ಸೀಳಿದ ರಬ್ಬರ್ ವಾಷರ್ ಬದಲಾಗಬೇಕು.

ಆಷಾಢದ ಮೋಡದಲ್ಲಿ ತಗಡು ಕಾಯುವುದೇ ಇಲ್ಲ, ದೆವ್ವವೂ ನಡೆಯುವುದಿಲ್ಲ. ಆಗ ಅದು ಬಣ್ಣದ ಕೋಣೆಯ ಬಾಗಿಲು ಹಿಡಿದುಕೊಳ್ಳುತ್ತದೆ! ಮರ ತೇವ ಹೀರಿ ಉಬ್ಬುವುದು ಉದ್ದಕ್ಕಲ್ಲ, ಅಗಲಕ್ಕೆ. 6 ಇಂಚಿನ ತೇಗದ ಹಲಗೆಯಲ್ಲಿ ತೇವಾಂಶ ಶೇ. 4 ಏರಿದರೆ ಅಗಲ ಸುಮಾರು 1 ಮಿಲಿಮೀಟರ್ ಹೆಚ್ಚಬಹುದು. ಐದಾರು ಹಲಗೆ ಜೋಡಿಸಿದ ಬಾಗಿಲು ಚೌಕಟ್ಟಿಗೆ ಕಚ್ಚಿಕೊಳ್ಳಲು ಅಷ್ಟು ಸಾಕು.

ಕಿವಿಗೆ ಕೇಳದ ಕಂಪನವೇ ದೆವ್ವ ಎನ್ನುವ ವಾದವೂ ಉಂಟು. 1998ರಲ್ಲಿ ಬ್ರಿಟನ್ನಿನ ಎಂಜಿನಿಯರ್ ವಿಕ್ ಟ್ಯಾಂಡಿ, ತಮ್ಮ ಪ್ರಯೋಗಾಲಯದ ಫ್ಯಾನ್ ಎಬ್ಬಿಸುತ್ತಿದ್ದ ಸುಮಾರು 19 ಹರ್ಟ್ಸ್ ಕಂಪನವನ್ನು ಅಲ್ಲಿನ ಭೀತಿಗೆ ಕಾರಣವೆಂದು ಬರೆದರು. ಕುತೂಹಲದ ವಿಷಯವೇನೋ ಹೌದು. ಆದರೆ ಕೇಳುವ ಸದ್ದಿಗೆ ಕೇಳದ ಕಾರಣ ಹುಡುಕುವ ಮೊದಲು ಏಣಿ ಹಾಕಿ ಮಾಡು ನೋಡುವುದು ಅಗ್ಗ.

ಬಾಲ್ಕನಿಯಲ್ಲಿ ತಾನಾಗಿ ಮಡಚಿಕೊಳ್ಳುವ ಕುರ್ಚಿಯದು ಇನ್ನೂ ಸಣ್ಣ ಕತೆ. ತುಕ್ಕು ಹಿಡಿದ ಕೀಲು ಕೂತವರು ಎದ್ದ ಮೇಲೂ ಆಸನವನ್ನು ಅರ್ಧದಲ್ಲೇ ತಡೆದಿರುತ್ತದೆ. ಹೊರಗೆ ಲಾರಿ ಹೋದಾಗ ನೆಲ ನಡುಗಿ ಕೀಲು ಬಿಡುತ್ತದೆ, ಸ್ಪ್ರಿಂಗ್ ಆಸನವನ್ನು ಫಟ್ಟೆಂದು ಮೇಲೆಳೆಯುತ್ತದೆ. ತುಕ್ಕು ಕೆರೆದು ಕೀಲಿಗೆ ಬೇಳೆಕಾಳಿನಷ್ಟು ಗ್ರೀಸ್ ಹಚ್ಚಿ. ಹೆಚ್ಚಾದರೆ ನಾಯಕಿಯ ಸೀರೆಗೆ ಮೆತ್ತಿಕೊಳ್ಳುತ್ತದೆ.