ಒಣಗುವುದು ಬೇರೆ, ಮಾಯುವುದು ಬೇರೆ

"ಗಾಯಕ್ಕೆ ಗಾಳಿ ಆಡಲಿ, ಬೇಗ ಒಣಗ್ತದೆ." ಅಡಿಕೆ ಸುಲಿಯುವ ಕತ್ತಿ ಕೈಗೆ ತಾಗಿದರೆ ನಮ್ಮ ಕುಂಬಳೆ ಕಡೆ ಕಮ್ಯುನಿಸ್ಟ್ ಗಿಡದ ಸೊಪ್ಪು ಹಿಂಡಿ, ಮೇಲೊಂದಿಷ್ಟು ಕಾಫಿಪುಡಿ ಮೆತ್ತಿ ಕೊಡುವ ಉಪದೇಶ ಇದು. ಒಣಗಿದರೆ ಮಾಯಿತು ಎಂದವರು ಯಾರೋ! 1962ರಲ್ಲೇ ವಿಜ್ಞಾನಿ ಜಾರ್ಜ್ ವಿಂಟರ್ ಹಂದಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದರು: ಪಾಲಿಥೀನ್ ಮುಚ್ಚಿ ತೇವ ಉಳಿಸಿದ ಗಾಯದ ಮೇಲೆ ಹೊಸ ಚರ್ಮ ಹೆಚ್ಚುಕಡಿಮೆ ಎರಡು ಪಟ್ಟು ಬೇಗ ಹಬ್ಬುತ್ತದೆ. ಹಕ್ಕಳೆ ಕಟ್ಟಿದರೆ ಪಾಪ, ಜೀವಕೋಶಗಳು ಅದರಡಿಯಲ್ಲಿ ದಾರಿ ಕೊರೆದುಕೊಂಡು ತೆವಳಬೇಕು.

ನೆರೆಮನೆಯ ಹುಡುಗಿ ಪಿಎಚ್‌ಡಿಗೆ ಹಿಡಿದಿರುವುದು ಗಾಯಕ್ಕೆ ಅಂಟಿಕೊಂಡು, ಚರ್ಮದ ಜೊತೆಗೇ ಹಿಗ್ಗುವ ಹೈಡ್ರೋಜೆಲ್, ಅಂದರೆ ಒಳಗೆ ನೀರು ಹಿಡಿದಿಟ್ಟುಕೊಳ್ಳುವ ಜೆಲ್. ಶರಬತ್ತಿನಲ್ಲಿ ನೆನೆದ ಕಾಮಕಸ್ತೂರಿ ಬೀಜದ ಸುತ್ತಲಿನ ಲೋಳೆಯ ಜಾತಿಯೇ. ಆದರೆ ಆ ಲೋಳೆ ಬೆರಳ ಗೆಣ್ಣಿನ ಮೇಲೆ ನಿಂತೀತೇ?

ರಜೆಗೆ ಬಂದಾಗ ಡಬ್ಬಿಯಿಂದ ಒಂದು ಪಟ್ಟಿ ತೆಗೆದು, "ಮಾವ, ಎಳೆದು ನೋಡಿ" ಎಂದಳು. ಗೇಣುದ್ದದ್ದು ಮಾರುದ್ದ ಬಂತು, ಹರಿಯಲಿಲ್ಲ. 2012ರಲ್ಲಿ ಹಾರ್ವರ್ಡ್‌ನ ಝಿಗಾಂಗ್ ಸುವೋ ತಂಡ ಇಪ್ಪತ್ತು ಪಟ್ಟು ಹಿಗ್ಗುವ ಜೆಲ್ ಮಾಡಿತ್ತು, ಅದರಲ್ಲಿ ನೂರಕ್ಕೆ ತೊಂಬತ್ತು ಪಾಲು ಬರೀ ನೀರು! ಗುಟ್ಟು ಇಷ್ಟೇ: ಒಳಗೆ ಒಂದಲ್ಲ, ಎರಡು ಬಲೆ. ಒಂದು ಪಾಲಿಅಕ್ರಿಲಮೈಡ್ ಎಂಬ ಕೃತಕ ವಸ್ತುವಿನದು, ಉದ್ದ ಎಳೆಗಳದು, ಗಟ್ಟಿ ಗಂಟಿನದು. ಇನ್ನೊಂದು ಕಡಲ ಪಾಚಿಯ ಆಲ್ಜಿನೇಟ್. ಅದರ ಎಳೆಗಳನ್ನು ಹಿಡಿದಿರುವುದು ಕ್ಯಾಲ್ಸಿಯಂ, ಅಂಗಿಯ ಒತ್ತುಗುಂಡಿಯ ಹಾಗೆ. ಎಳೆದಾಗ ಗುಂಡಿಗಳು ಪಟಪಟನೆ ಬಿಚ್ಚಿಕೊಳ್ಳುತ್ತವೆ, ಎಳೆತದ ಜೋರು ಅಲ್ಲೇ ಖರ್ಚಾಗುತ್ತದೆ. ಜಾತ್ರೆಯ ನೂಕುನುಗ್ಗಲಿನಲ್ಲಿ ಒಬ್ಬರ ಕೈ ಒಬ್ಬರು ಬಿಟ್ಟು ಮತ್ತೆ ಹಿಡಿಯುವುದಿಲ್ಲವೇ, ಹಾಗೆ. ಅಷ್ಟೂ ಹೊತ್ತು ಗಟ್ಟಿ ಬಲೆ ಬಿಡದೆ ಹಿಡಿದಿರುತ್ತದೆ. ಬಿಚ್ಚಿಕೊಳ್ಳಲು ಬರುವುದರಿಂದಲೇ ಅದು ಹರಿಯುವುದಿಲ್ಲ, ನನಗೆ ಖುಷಿ ಕೊಟ್ಟದ್ದು ಇದೇ.

ಒದ್ದೆಯಲ್ಲಿ ಅಂಟುವುದನ್ನು ಕಡಲ ಚಿಪ್ಪುಜೀವಿ ಪಚ್ಚಿಲೆಯಿಂದ ಕಲಿಯಬೇಕು. ಅಲೆ ಬಡಿದರೂ ಬಂಡೆ ಬಿಡದ ಅದರ ನಾರಿನ ತುದಿಯಲ್ಲಿ ಡೋಪಾ ಎಂಬ ಅಮೈನೋ ಆಮ್ಲವಿದೆ. ಅದರಲ್ಲಿನ ಕೆಟೆಕಾಲ್ ಎಂಬ ಪರಮಾಣುಗಳ ಗುಂಪು ನೀರಿನ ಪೊರೆಯನ್ನೂ ದಾಟಿ ಕಲ್ಲು ಹಿಡಿಯುತ್ತದೆ. ಅದನ್ನೇ ಜೆಲ್‌ಗೆ ಸೇರಿಸುತ್ತಾರೆ. ತೊಂದರೆಯೆಂದರೆ, ಹೆಚ್ಚಿಟ್ಟ ಬಾಳೆಕಾಯಿಯಂತೆ ಗಾಳಿ ತಾಗಿ ಕಪ್ಪಾಗುತ್ತದೆ. ತುಸು ಕಪ್ಪಾದರೆ ಚರ್ಮದ ಪ್ರೋಟೀನಿಗೆ ಬೆಸೆದುಕೊಳ್ಳಲು ಒಳ್ಳೆಯದೇ, ಅತಿಯಾದರೆ ಅಂಟೇ ಹೋಯಿತು.

ನಾನು ಎಳೆದಾಡಿದ ಪಟ್ಟಿ ಮೇಜಿನ ಮೇಲೇ ಉಳಿದಿತ್ತು. ಸಂಜೆ ನೋಡಿದರೆ, ಫ್ಯಾನಿನ ಗಾಳಿಗೆ ಹಪ್ಪಳ! "ಅದಕ್ಕೇ ಈಗ ಗ್ಲಿಸರಿನ್ ಹಾಕಿ ನೋಡ್ತಿದ್ದೇನೆ ಮಾವ" ಎಂದು ಡಬ್ಬಿ ಮುಚ್ಚಿದಳು.